ಡಾಕ್ಟರ ಬಾಯಲ್ಲಿ ಅಕ್ಕನ ಅಳು

ಭಾನಾಮತಿ, ಮಾಟ, ಮೈಮೇಲೆ ಬರುವುದು, ಇವನ್ನೆಲ್ಲ ನಾನು ಎಂದೂ ನಂಬಿದವನಲ್ಲ. ನಮ್ಮ ಕಲಬುರಗಿ ಸೀಮೆಯಲ್ಲಿ ಇಂಥ ಮಾತಿಗೆ ಬರವಿಲ್ಲ. ಯಾರದೋ ಮನೆಯಲ್ಲಿ ಬಟ್ಟೆ ತಾನೇ ಹೊತ್ತಿಕೊಂಡಿತಂತೆ, ಯಾವಳೋ ನಾಯಿಯ ಹಾಗೆ ಬೊಗಳಿದಳಂತೆ ಎಂದು ಕೆಲಸದ ಜಾಗದಲ್ಲಿ ಜನ ಹೇಳುವಾಗ ನಾನು ಕರಣಿಯಿಂದ ಸಿಮೆಂಟು ಕಲಸುತ್ತ ನಕ್ಕವನು. "ನಿನ್ನ ಕಣ್ಣಿಲೆ ನೋಡೀ ಏನು?" ಎಂದು ಕೇಳಿದರೆ ಒಬ್ಬನೂ ನೋಡಿರುತ್ತಿರಲಿಲ್ಲ. ಎಲ್ಲರೂ ಬೇರೆಯವರ ಬಾಯಿಂದ ಕೇಳಿದವರೇ. ಈಗ ನಾನು ಹೇಳುವುದನ್ನು ನನ್ನ ಕಣ್ಣಿಂದ ನೋಡಿದ್ದೇನೆ, ನನ್ನ ಕಿವಿಯಿಂದ ಕೇಳಿದ್ದೇನೆ. ಅದೂ ಬಿಸಿಲು ಸುರಿಯುವ ಮಧ್ಯಾಹ್ನ, ಹೊಟ್ಟೆಯಲ್ಲಿ ಚಹಾ ಬಿಟ್ಟು ಬೇರೇನೂ ಇಲ್ಲದ ಹೊತ್ತಿನಲ್ಲಿ. ನಂಬಿ ಎಂದು ನಿಮ್ಮನ್ನು ಒತ್ತಾಯ ಮಾಡುವುದಿಲ್ಲ. ನನಗೆ ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನಾನು ಕಲಬುರಗಿಯ ಶಹಾಬಜಾರದವನು. ಐದನೇತ್ತ ಮುಗಿಸಿ ಶಾಲೆ ಬಿಟ್ಟು ಅಪ್ಪನ ಹಿಂದೆ ಫರಸಿ ಕೆಲಸಕ್ಕೆ ಹೋದೆ. ಮನೆಯ ನೆಲಕ್ಕೆ ಶಹಾಬಾದ ಕಲ್ಲು ಕೂಡಿಸುವುದೇ ನನ್ನ ಕಸುಬು. ಈಗ ಟೈಲ್ಸು, ಗ್ರಾನೈಟು ಬಂದಿವೆ, ಅವನ್ನೂ ಮಾಡುತ್ತೇನೆ, ಆದರೆ ಕಲ್ಲಿನ ಸುಖ ಅದರಲ್ಲಿಲ್ಲ. ನಾನು ಕೂಡಿಸಿದ ನೆಲದ ಮೇಲೆ ನೀರು ಚೆಲ್ಲಿದರೆ ಅದು ನಾನು ಹೇಳಿದ ಕಡೆಗೇ ಹರಿಯಬೇಕು. ಓದಿದವರು ಮಾಡುವ ಎಷ್ಟೋ ಕೆಲಸ ನನಗೆ ಬರುವುದಿಲ್ಲ, ಹಾಗಂತ ಯಾರ ಮುಂದೂ ತಲೆ ತಗ್ಗಿಸಿದವನಲ್ಲ. ಒಂದು ಸಲ ಬಿಟ್ಟು. ಆ ಒಂದು ಸಲದ ಮಾತೇ ಇದು.

ನನ್ನ ಅಕ್ಕ ಕಾಶಿಬಾಯಿಯನ್ನು ಕಮಲಾಪುರಕ್ಕೆ ಕೊಟ್ಟಿತ್ತು. ಭಾವ ತೀರಿಕೊಂಡ ಮೇಲೆ ಇದ್ದಷ್ಟು ಹೊಲದಲ್ಲಿ ಕೆಂಪು ಬಾಳೆ ಹಚ್ಚಿ ಎರಡು ಮಕ್ಕಳನ್ನು ಓದಿಸಿದಳು. ಮಗ ಶಿವು ಕಲಬುರಗಿಯ ಒಂದು ಖಾಸಗಿ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ. ಮಗಳು ಸುವರ್ಣಾ ದಿನಾ ಬಸ್ಸಿನಲ್ಲಿ ಕಲಬುರಗಿಗೆ ಬಂದು ಶರಣಬಸವೇಶ್ವರ ಗುಡಿಯ ಕಡೆ ಕಾಲೇಜಿಗೆ ಹೋಗುತ್ತಿದ್ದಳು. ಮೊಳಕಾಲು ಮುಟ್ಟುವ ಜಡೆ ಅವಳದು. ಒಂದು ದಿನ ಕ್ಲಾಸಿನಲ್ಲೇ ಜ್ವರ ಬಂತು, ದವಾಖಾನೆಗೆ ಹಾಕಿದರು, ವಾರ ತುಂಬುವ ಮೊದಲೇ ಹೋಗಿಬಿಟ್ಟಳು. ಡೆಂಗಿ ಅಂದರು. ಆ ಹುಡುಗಿಯನ್ನು ಮಣ್ಣು ಮಾಡಿ ಬಂದ ಕೈಯಲ್ಲಿ ನಾನು ಬಹಳ ದಿನ ಕಲ್ಲು ಹಿಡಿಯಲಿಲ್ಲ.

ಇಲ್ಲಿ ಒಂದು ಮಾತು ತಿಳಿಸಿ ಹೇಳಬೇಕು. ನಮ್ಮ ಕಡೆ ಹೆಣ್ಣುಮಕ್ಕಳು ಸತ್ತವರಿಗಾಗಿ ಬರೀ ಕಣ್ಣೀರು ಹಾಕುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವರು ಎದುರಿಗೆ ಕೂತಂತೆ ಮಾಡಿಕೊಂಡು ಕೇಳುತ್ತಾರೆ, ಬೈಯುತ್ತಾರೆ, ಅವರ ಪರವಾಗಿ ತಾವೇ ಉತ್ತರ ಕೊಡುತ್ತಾರೆ. ಬಳಗದ ಹೆಂಗಸು ಮನೆಗೆ ಬಂದರೆ ಕೊರಳಿಗೆ ಬಿದ್ದು ಇಬ್ಬರೂ ಹಾಡಿಕೊಂಡು ಅಳಬೇಕು. ಸತ್ತು ವರ್ಷವಾಗಿದ್ದರೂ ಸರಿಯೆ. ಅತ್ತಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಚಹಾ ಕುಡಿಯುತ್ತಾರೆ, ಮಕ್ಕಳ ಮದುವೆ ಮಾತಾಡುತ್ತಾರೆ. ನನ್ನ ಅಕ್ಕ ಇದರಲ್ಲಿ ಹೆಸರಾದವಳು. ಸುತ್ತಲಿನ ಹಳ್ಳಿಗಳಲ್ಲಿ ಯಾರಾದರೂ ಸತ್ತರೆ "ಕಾಶಿಬಾಯಿ ಬಂದಾಳೇನು?" ಎಂದು ಕೇಳುತ್ತಿದ್ದರು. ಅವಳು ಬಾಯಿ ತೆರೆದರೆ ಗಂಡಸರು ಎದ್ದು ಅಂಗಳಕ್ಕೆ ಹೋಗುತ್ತಿದ್ದರು, ಅಷ್ಟು ಕರುಳು ಹಿಂಡುತ್ತಿತ್ತು.

ಸುವರ್ಣಾ ಹೋದ ಮೇಲೆ ಶಿವು ಅವ್ವನನ್ನು ಕಲಬುರಗಿಗೆ ಕರೆದುಕೊಂಡು ಬಂದ. ಬಾಡಿಗೆ ಮನೆ, ಗೋಡೆಗೆ ಗೋಡೆ ಹತ್ತಿಕೊಂಡಿದ್ದು. ಅಕ್ಕ ಅಲ್ಲಿಯೂ ಅತ್ತಳು. "ಬಸ್ಸು ಬಂತು, ನೀ ಬರಲಿಲ್ಲ ನನ ಮಗಳೇ, ಬಾ ಅವ್ವಾ ಅಂತೀಯಲ್ಲ, ಯಾ ದಾರಿಲೆ ಬರ್ಲಿ ನನ ಮಗಳೇ" ಎಂದು. ಶಿವು ಒಂದು ದಿನ ನನ್ನ ಕೆಲಸದ ಜಾಗಕ್ಕೇ ಬಂದ.

"ಮಾಮಾ, ಅವ್ವಗ ಏನೋ ಆಗ್ಯಾದ. ಸುವರ್ಣಾನ ಜೋಡಿ ಮಾತಾಡ್ತಾಳ."

"ಮಾತಾಡೂದಲ್ಲೋ, ಅಳ್ತಾಳ. ನಿಮ್ಮಪ್ಪನ ಅವ್ವ ಸತ್ತಾಗ ಹೆಂಗ ಅತ್ತಿದ್ಲು, ಮರ್ತೀ ಏನು?"

"ಅದು ಊರಾಗ ಮಾಮಾ. ಇಲ್ಲಿ ಮ್ಯಾಲಿನ ಮನಿಯವ್ರು ಹುಡುಗ್ರು ಅಂಜತಾವ ಅಂತಾರ. ಮಾಲಕ್ರು ಮನಿ ಖಾಲಿ ಮಾಡ್ರಿ ಅಂದಾರ. ಒಬ್ಬ ಛಲೋ ಡಾಕ್ಟರ್ ಇದ್ದಾನಂತ, ಮನಸಿನ ಡಾಕ್ಟರ್. ನೀನೂ ಬಾ."

ಹೋದೆ. ಡಾಕ್ಟರ್ ದಕ್ಷಿಣದ ಕಡೆಯವನು, ನಮ್ಮೂರಿಗೆ ಬಂದು ಒಂದೆರಡು ವರ್ಷವಾಗಿತ್ತು. ಮೆತ್ತಗಿನ ಮಾತು, ಇಸ್ತ್ರಿ ಮುರಿಯದ ಅಂಗಿ. ಅಕ್ಕನಿಗೆ ತಾನೇ ನೀರು ತರಿಸಿ ಕೊಟ್ಟ. ಹಣದಾಸೆಯವನಲ್ಲ, ಗದರುವವನಲ್ಲ. ಕೆಟ್ಟವನಾಗಿದ್ದರೆ ನನ್ನ ಸಿಟ್ಟು ಬೇಗ ಇಳಿಯುತ್ತಿತ್ತೋ ಏನೋ.

"ಮಗಳು ನಿಮ್ಮ ಜೊತೆ ಮಾತಾಡ್ತಾಳಾ ಅಮ್ಮಾ?" ಎಂದು ಕೇಳಿದ.

"ಹೂಂರಿ," ಅಂದಳು ಅಕ್ಕ.

"ಏನಂತ ಹೇಳ್ತಾಳೆ?"

"ಬಾ ಅಂತಾಳ್ರಿ."

"ನಿಮಗೂ ಹೋಗಬೇಕು ಅನ್ಸುತ್ತಾ?"

"ಯಾ ತಾಯಿಗಿ ಅನ್ಸಂಗಿಲ್ರಿ?"

ಡಾಕ್ಟರ್ ಶಿವುನ ಮುಖ ನೋಡಿದ. ಶಿವು ತಲೆ ತಗ್ಗಿಸಿದ. ನನಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಅದು ಅಳೂ ಹಾಡಿನ ಮಾತ್ರಿ. ನಮ್ಮ ಕಡಿ ಹೆಣ್ಮಕ್ಕಳು ಸತ್ತವರ ಸಂಗಟ ಹಿಂಗ ಮಾತಾಡಿಕೊಂತನೇ ಅಳ್ತಾರ. ಅದು ಬ್ಯಾನಿ ಅಲ್ರಿ" ಅಂದೆ.

ಅವನು ನನ್ನ ಕಡೆ ತಿರುಗಿದ. ಸಿಮೆಂಟು ಮೆತ್ತಿದ ನನ್ನ ಚಪ್ಪಲಿಯನ್ನೂ ನೋಡಿದ. "ನೀವು ಎಷ್ಟನೇ ಕ್ಲಾಸ್ ಓದಿದ್ದೀರಿ?"

"ಐದನೇತ್ತರೀ."

"ಸರಿ. ಸ್ವಲ್ಪ ಹೊರಗೆ ಕೂತ್ಕೊಳ್ಳಿ. ಇದು ನಿಮಗೆ ಅರ್ಥ ಆಗಲ್ಲ."

ಎದ್ದು ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಆಸರೆಗೆಂದು ನಾನು ಹೋದವನು, ಶಿವು ಒಳಗಿದ್ದರೂ ತಲೆ ಎತ್ತುವವನಲ್ಲ, ಅಕ್ಕ ಒಬ್ಬಳೇ ಡಾಕ್ಟರ ಕೈಗೆ ಸಿಕ್ಕಳು. ಬಾಗಿಲ ಗಾಜಿನಿಂದ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಮೆತ್ತಗೆ, ಎಲ್ಲರ ಮುಂದೆ, ಒಂದು ಬೈಗುಳವಿಲ್ಲದೆ ನನ್ನನ್ನು ಎಬ್ಬಿಸಿ ಕಳಿಸಿದ ಆ ದನಿ ಇವತ್ತಿಗೂ ನನ್ನ ಕಿವಿಯಲ್ಲಿ ಇದೆ.

ಗುಳಿಗೆ ಬರೆದುಕೊಟ್ಟ. ಗುಳಿಗೆಗಿಂತ ಕೆಟ್ಟದ್ದು ಅವನು ಹೇಳಿಕೊಟ್ಟ ಪಾಠ. ಅಳು ಉಕ್ಕಿ ಬಂದರೆ ಬಾಯಿ ಮುಚ್ಚಬೇಕು, ಮೂಗಿನಿಂದ ಉಸಿರು ಎಳೆದು ಹಿಡಿಯಬೇಕು, ಮನಸ್ಸಿನಲ್ಲೇ ಹತ್ತು ಎಣಿಸಬೇಕು. ಮಗಳ ಹೆಸರು ಹಿಡಿದು ಮಾತಾಡಿಸಬಾರದು. ಬಳಗದವರು ಬಂದು ಅಳಿಸುವುದನ್ನೂ ಮನೆಯವರು ತಡೆಯಬೇಕು. ಅಕ್ಕ ಓದಿದವರ ಮಾತು ಮೀರುವವಳಲ್ಲ. ಹೇಳಿದ್ದನ್ನೆಲ್ಲ ಮಾಡಿದಳು.

ಮನೆ ಶಾಂತವಾಯಿತು. ಮ್ಯಾಲಿನ ಮನೆಯವರಿಗೆ ಸಂತೋಷವಾಯಿತು. ಅಕ್ಕನಿಗೆ ಮಾತ್ರ ಏನೂ ಆಗಲಿಲ್ಲ, ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ರೊಟ್ಟಿ ಬಡಿಯುವಾಗ ಏನಾದರೂ ಗುನುಗುವವಳು ಗೋಡೆ ನೋಡಿಕೊಂಡು ಬಡಿಯತೊಡಗಿದಳು. ಕೇಳಿದ್ದಕ್ಕೆ ಹೂಂ ಅನ್ನುವಳು, ಇಲ್ಲದಿದ್ದರೆ ಮಲಗುವಳು. ಬೇಸತ್ತು ಶಿವು ಮತ್ತೆ ಕಮಲಾಪುರಕ್ಕೆ ಬಿಟ್ಟು ಬಂದ. ನಾನೂ ಅಲ್ಲಿದ್ದ ಒಂದು ದಿನ ತಾಜಸುಲ್ತಾನಪುರದಿಂದ ನಮ್ಮ ಸೋದರತ್ತೆ ಬಂದಳು. ಬಾಗಿಲಲ್ಲೇ ಅಕ್ಕನ ಕೊರಳಿಗೆ ಬಿದ್ದು ಹಾಡಿ ಅಳತೊಡಗಿದಳು. ಅಕ್ಕ ಕಂಬದ ಹಾಗೆ ನಿಂತಳು. ಬಾಯಿ ಬಿಗಿಯಾಗಿ ಮುಚ್ಚಿತ್ತು. ಅತ್ತೆಯ ಬೆನ್ನ ಹಿಂದೆ ಅಕ್ಕನ ಕೈ ನೋಡಿದೆ, ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯುತ್ತಿತ್ತು. ಎಣಿಸುತ್ತಿದ್ದಳು.

ಅತ್ತೆ ಬಿಟ್ಟು ಹಿಂದೆ ಸರಿದು ಅವಳ ಮುಖ ನೋಡಿದಳು. "ಏನಬೇ ಕಾಶಿ, ಹಡದ ಹೊಟ್ಟಿಗಿ ಒಂದ ಹನಿ ನೀರಿಲ್ಲೇನ ನಿನ್ನ ಕಣ್ಣಾಗ? ಊರ ಮಂದಿಗೆಲ್ಲಾ ಅತ್ತಿ, ನಿನ್ನ ಮಗಳಿಗೇ ಇಲ್ಲಾ?" ಅಂದಳು. ಚಹಾ ಮುಟ್ಟದೆ ಹೋದಳು. ಆ ಮಾತು ಬಳಗದಲ್ಲೆಲ್ಲ ತಿರುಗಿತು. ಆಮೇಲೆ ಆ ಮನೆಗೆ ಹೆಣ್ಣುಮಕ್ಕಳು ಬರುವುದೇ ನಿಂತಿತು. ಮಗಳು ಮೊದಲೇ ಹೋಗಿದ್ದಳು, ಈಗ ಅಳುವ ಬಳಗವೂ ಹೋಯಿತು. ಅತ್ತೆ ಬಂದು ಹೋದ ದಿನವೇ ಕಿಡಕಿಯಲ್ಲಿ ಸಿಕ್ಕಿಸಿಟ್ಟಿದ್ದ ಗುಳಿಗೆಯ ಖಾಲಿ ಪಟ್ಟಿಗಳನ್ನು ಕಂಡು ಯಾಕೋ ಒಂದು ಪಟ್ಟಿ ಎತ್ತಿ ಅಂಗಿಯ ಕಿಸೆಗೆ ಹಾಕಿಕೊಂಡೆ. ಬಹಳ ದಿನ ಅದು ಅಲ್ಲೇ ಇತ್ತು. ಬಗ್ಗಿದಾಗೆಲ್ಲ ಚುಚ್ಚುತ್ತಿತ್ತು. ತೆಗೆಯಲಿಲ್ಲ.

ಮುಂದೆ ಒಬ್ಬ ಇಂಜಿನಿಯರು ತಾಜಸುಲ್ತಾನಪುರದ ರಸ್ತೆಯ ಕಡೆ ಹೊಸ ಮನೆಯೊಂದರ ಫರಸಿ ಕೆಲಸ ಕೊಟ್ಟ. ನಾನೂ ನನ್ನ ಹಳೇ ಜೋಡಿ ಮಕಬೂಲನೂ ಹೋದೆವು. ನಾನು ಕಲ್ಲು ಕೂಡಿಸಿದರೆ ಮಕಬೂಲ ಪಾಲಿಶ್ ಮಷೀನು ಹೊಡೆಯುವವನು. ಕೆಲಸ ಹಿಡಿದ ಮೂರೋ ನಾಲ್ಕೋ ದಿನಕ್ಕೆ ಮನೆ ಮಾಲಕ ನೋಡಲು ಬಂದ. ಅದೇ ಡಾಕ್ಟರ್. "ಈ ಮುಂದಿನ ರೂಮಲ್ಲಿ ಪೇಷೆಂಟ್ಸ್ ನೋಡ್ತೀನಿ, ಇಲ್ಲಿ ನನ್ನ ಕುರ್ಚಿ ಬರುತ್ತೆ, ನೀಟಾಗಿ ಮಾಡಿ" ಅಂದ. ನನ್ನ ಮುಖವನ್ನೇ ನೋಡುತ್ತ ಹೇಳಿದ, ಆದರೆ ಗುರುತು ಹಿಡಿಯಲಿಲ್ಲ. ಹೊರಗೆ ಕೂಡಿಸಿದವನ ಮುಖ ಯಾರಿಗೆ ನೆನಪಿರುತ್ತದೆ.

ಮೊದಲು ನನಗೆ ಹೊಳೆದಿದ್ದು ಪೊಳ್ಳು ಕಲ್ಲು. ಅವನ ಕುರ್ಚಿಯ ಕೆಳಗಿನ ಕಲ್ಲಿಗೆ ಮಾಲು, ಅಂದರೆ ಕಲಸಿದ ಸಿಮೆಂಟು, ಕಡಿಮೆ ಹಾಕಿದರೆ ಸಾಕು, ಕಾಲಿಟ್ಟಾಗೊಮ್ಮೆ ಬದ್ ಬದ್ ಎನ್ನುತ್ತದೆ, ಅವನಿಗೆ ಹುಚ್ಚು ಹಿಡಿಯುತ್ತದೆ. ಕಲ್ಲು ಇಟ್ಟೂ ನೋಡಿದೆ. ಬಡಿದೆ, ಪೊಳ್ಳು ದನಿ ಬಂತು. ಆ ದನಿ ಕೇಳಿ ನನಗೇ ನಾಚಿಕೆಯಾಯಿತು. ಈ ಊರಿನಲ್ಲಿ ನನ್ನ ಕೈಯ ಒಂದು ಕಲ್ಲೂ ಹಾಗೆ ಕೂಗಿಲ್ಲ. ಇವನ ಸಲುವಾಗಿ ನನ್ನ ಕೈ ಯಾಕೆ ಕೆಡಿಸಿಕೊಳ್ಳಲಿ? ಕಲ್ಲು ಎತ್ತಿದೆ, ಮಾಲು ಹದವಾಗಿ ಹರಡಿದೆ. ಬಗ್ಗಿದಾಗ ಕಿಸೆಯ ಪಟ್ಟಿ ಚುಚ್ಚಿತು. ಅದನ್ನು ತೆಗೆದು ಮಾಲಿನೊಳಗೆ ಒತ್ತಿದೆ, ಮೇಲೆ ಕಲ್ಲು ಇಟ್ಟು ಬಡಿದೆ. ಬಾಯಿಂದ ತಾನಾಗಿಯೇ ಮಾತು ಬಂತು. "ಅಕ್ಕನ ಬಾಯಾಗ ಏನ ಮುಚ್ಚಿದಿ, ಅದು ನಿನ್ನ ಬಾಯಾಗ ಬಿಚ್ಚಲಿ."

ಮಂತ್ರ ಅಲ್ಲ, ಮಾಟ ಅಲ್ಲ. ನನಗೆ ಅವು ಬರುವುದೂ ಇಲ್ಲ. ಸಿಟ್ಟಿನ ಮಾತು ಅಷ್ಟೆ. ಮಕಬೂಲ ಬಾಗಿಲಲ್ಲಿ ನಿಂತು ಬೀಡಿ ಹಚ್ಚುತ್ತಿದ್ದ. "ಏನೋ ಕಲ್ಲಿನ ಸಂಗಟ ಗುಸುಗುಸು? ಲಗ್ನ ಮಾಡ್ಕೊಂತಿ ಏನು ಅದನ್ನ?" ಅಂದ. ನಾನು ಲೆವಲ್ ಪಟ್ಟಿ ಇಟ್ಟು ನೋಡಿದೆ. ಕೂದಲೆಳೆಯಷ್ಟೂ ಏರುಪೇರಿರಲಿಲ್ಲ.

ಡಾಕ್ಟರ್ ಅವಸರದಿಂದ ಮನೆ ಹೊಕ್ಕ. ಪಡಸಾಲೆಯ ಪಾಲಿಶ್ ಉಳಿದಿತ್ತು. ಕೆಲವು ವಾರಗಳ ಮೇಲೆ ಅದನ್ನು ಮುಗಿಸಲು ಹೋದೆವು. ಮನೆಯವರು ಯಾರೂ ಇರಲಿಲ್ಲ, ಡಾಕ್ಟರ್ ಒಬ್ಬನೇ ಮುಂದಿನ ರೂಮಿನಲ್ಲಿದ್ದ. ಪೇಷಂಟುಗಳು ಸಂಜೆಗೆ ಬರುವವರು. ಮಷೀನು ಗರಗರ ತಿರುಗುತ್ತಿತ್ತು, ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಅಷ್ಟು ಸದ್ದಿನ ಮೇಲೆ ಕಿವಿ ತುಂಬ ಮೌನ. ಆ ಮೌನದಲ್ಲಿ ಮಕಬೂಲ ತಲೆ ಎತ್ತಿದ.

"ಅಂದರ್ ಕೌನ್ ಔರತ್ ರೋರೀ ರೇ?" ಅಂದ. ಒಳಗೆ ಯಾವ ಹೆಂಗಸು ಅಳುತ್ತಿದ್ದಾಳೆ ಎಂದು.

ನನಗೆ ಕೇಳಿಸಿದ್ದು ಹೆಂಗಸಿನ ದನಿಯಲ್ಲ, ಗಂಡಸಿನದು. ಆದರೆ ರಾಗ ಅಕ್ಕನದು. ಹಾಡಿನ ತುದಿಯಲ್ಲಿ ದನಿಯನ್ನು ಒಂದಿಷ್ಟು ಎಳೆದು, ಮುರಿದು, ಮೂಗಿಗೆ ತರುವುದು ಅವಳೊಬ್ಬಳದೇ ರೀತಿ. ಸಾವಿರ ಹೆಂಗಸರ ನಡುವೆ ನಾನು ಅದನ್ನು ಗುರುತಿಸುತ್ತೇನೆ. ನಡೆದುಹೋಗಿ ಬಾಗಿಲು ತಳ್ಳಿದೆ.

ಡಾಕ್ಟರ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಕಣ್ಣು ತೆರೆದೇ ಇದ್ದವು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಎಡಗೈ ತೊಡೆಯ ಮೇಲೆ, ಬಲಗೈ ಎದೆಯ ಮುಂದೆ ಹೋಗಿ ಬರುತ್ತಿತ್ತು, ನಮ್ಮ ಹೆಂಗಸರು ಸೆರಗು ಹಿಡಿದು ಬೀಸುವ ಹಾಗೆ. ಆ ಕೈಯಲ್ಲಿ ಸೆರಗಿರಲಿಲ್ಲ. ದಕ್ಷಿಣದ ಆ ಮೆತ್ತಗಿನ ನಾಲಿಗೆಯಲ್ಲಿ ಕಮಲಾಪುರದ ಮಾತು ಒಂದೂ ತಪ್ಪದೆ ಬರುತ್ತಿತ್ತು.

"ಬಸ್ಸು ಬಂತು, ನೀ ಬರಲಿಲ್ಲ ನನ ಮಗಳೇ. ಯಾ ದಾರಿಲೆ ಬರ್ಲಿ ನನ ಮಗಳೇ. ಜಡಿ ಸಡಲ್ಯಾದ, ಇನ್ನೊಮ್ಮಿ ಹಾಕಬೇ ಅಂದಿ ನನ ಮಗಳೇ. ಹಂಚಿನ ಮ್ಯಾಲ ರೊಟ್ಟಿ ಹೊತ್ತತಾದ ಹೋಗಂದೆ ನನ ಮಗಳೇ. ರೊಟ್ಟಿ ಉಳೀತು, ಜಡಿ ಉಳಿಲಿಲ್ಲ ನನ ಮಗಳೇ."

ಮೊದಲಿನ ಮಾತು ನಾನು ಅಕ್ಕನ ಬಾಯಿಂದ ಎಷ್ಟೋ ಸಲ ಕೇಳಿದ್ದೆ. ಜಡೆಯ ಮಾತು, ರೊಟ್ಟಿಯ ಮಾತು ಎಂದೂ ಕೇಳಿರಲಿಲ್ಲ. ನನ್ನ ಕೈ ಬಾಗಿಲ ಚೌಕಟ್ಟು ಹಿಡಿದಿತ್ತು. ಹಿಂದೆ ಮಕಬೂಲನ ಬೀಡಿಯ ವಾಸನೆ ಬಂತು. ಅವನೂ ನೋಡುತ್ತಿದ್ದ.

ಫ್ಯಾನು ಮತ್ತೆ ತಿರುಗಿತು. ಡಾಕ್ಟರ್ ನಿದ್ದೆಯಿಂದ ಎದ್ದವನ ಹಾಗೆ ನಮ್ಮನ್ನು ನೋಡಿದ. "ಯಾಕ್ರೀ, ಕೆಲಸ ನಿಲ್ಲಿಸಿದ್ದೀರಾ?" ಅಂದ. ಆಮೇಲೆ ಕೆನ್ನೆ ಮುಟ್ಟಿಕೊಂಡ. ಕೈ ಒದ್ದೆಯಾಯಿತು. ಬೆರಳು ನೋಡಿಕೊಂಡು ಕೇಳಿದ. "ನಾನೇನಾದ್ರೂ ಮಾತಾಡ್ತಿದ್ನಾ?"

ಇಂಥ ಹೊತ್ತಿಗೆ ಮನುಷ್ಯನಿಗೆ ಅಂಜಿಕೆ ಬರಬೇಕು. ನನಗೆ ಬಂದಿದ್ದು ಬೇರೆ. "ನಾ ಐದನೇತ್ತ ಕಲ್ತಾವ್ರಿ ಸಾಹೇಬ್ರ," ಅಂದೆ. "ನನಗ ಅರ್ಥ ಆಗಂಗಿಲ್ರಿ."

ಅವನು ನನ್ನನ್ನೇ ನೋಡಿದ. ಆಗ ಗುರುತು ಸಿಕ್ಕಿತು. ಮುಖ ಬಿಳಿಚಿತು. ನಾನು ತಿರುಗಿ ಬಂದು ಮಕಬೂಲನಿಗೆ ಮಷೀನು ಚಾಲೂ ಮಾಡು ಅಂದೆ. ಅವತ್ತು ಮಧ್ಯಾಹ್ನ ಬುತ್ತಿ ಬಿಚ್ಚಿ ನಾನು ಹೊಟ್ಟೆ ತುಂಬ ಉಂಡೆ. ಮಕಬೂಲ ಒಂದು ತುತ್ತೂ ಮುಟ್ಟಲಿಲ್ಲ. ಅದು ಹೆಣ್ಣಿನ ದನಿಯೇ ಎಂದು ಅವನು ಇವತ್ತಿಗೂ ಆಣೆ ಮಾಡುತ್ತಾನೆ. ಇಬ್ಬರೂ ಒಂದೇ ಬಾಗಿಲಲ್ಲಿ ನಿಂತು ಕೇಳಿದ್ದು.

ಬಂದ ಆದಿತ್ಯವಾರ ಕಮಲಾಪುರಕ್ಕೆ ಹೋದೆ. ಅಕ್ಕ ಅಂಗಳದಲ್ಲಿ ಕೂತು ಕಾಳು ಹಸನು ಮಾಡುತ್ತಿದ್ದಳು. "ಅಕ್ಕಾ, ಸುವರ್ಣಾ ಕಡೀ ದಿನ ಇನ್ನೊಮ್ಮಿ ಜಡಿ ಹಾಕು ಅಂದಿದ್ಲೇನು?" ಎಂದು ಕೇಳಿದೆ. ಮೊರ ನಿಂತಿತು.

"ನಿನಗ ಯಾರ ಹೇಳಿದ್ರು?"

"ಹೇಳು ಮೊದ್ಲ, ಅಂದಿದ್ಲಾ?"

"ಮನ್ಯಾಗ ನಾವಿಬ್ರೇ ಇದ್ವಿ," ಅಂದಳು. "ನಾ ಯಾರ ಮುಂದೂ ಹೇಳಿಲ್ಲ ತಮ್ಮಾ. ಅಳೂವಾಗೂ ನಾಲಿಗಿ ಮ್ಯಾಲ ಬರ್ತಿತ್ತು, ನುಂಗತಿದ್ದೆ."

"ಡಾಕ್ಟರ ಮುಂದ ಹೇಳಿದ್ದಿ ಏನು? ನನ್ನ ಹೊರಗ ಕಳಿಸಿದ ಮ್ಯಾಲ?"

"ಅಂವ ಕೇಳಿದ್ದಕ್ಕ ಹೂಂ, ಇಲ್ಲ, ಇಷ್ಟ ಅಂದೀನಿ. ಅಂವಗ ಯಾಕ ಹೇಳ್ಲಿ ನನ್ನ ರೊಟ್ಟಿ ಸುದ್ದಿ?"

ನಾನು ನಡೆದಿದ್ದನ್ನೆಲ್ಲ ಹೇಳಿದೆ, ಕಲ್ಲಿನ ಕೆಳಗಿನ ಪಟ್ಟಿಯ ಮಾತೊಂದು ಬಿಟ್ಟು. ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಮೊರ ಮತ್ತೆ ಆಡತೊಡಗಿತು.

ಡಾಕ್ಟರಿಗೆ ಅದು ಒಂದೇ ಸಲಕ್ಕೆ ನಿಲ್ಲಲಿಲ್ಲ. ಪೇಷಂಟುಗಳ ಮುಂದೆ, ಊಟಕ್ಕೆ ಕೂತಾಗ, ಹೆಂಡತಿಯ ಜೊತೆ ಮಾತಾಡುತ್ತ ಇರುವಾಗ ಬರತೊಡಗಿತಂತೆ. ಇದನ್ನು ಶಿವು ಹೇಳಿದ. ಡಾಕ್ಟರ್ ಅವನ ಆಫೀಸಿಗೇ ಹೋಗಿ, ನಿಮ್ಮ ತಾಯಿಯನ್ನು ನೋಡಬೇಕು, ಕರೆದುಕೊಂಡು ಹೋಗಿ ಎಂದು ಕೈ ಹಿಡಿದನಂತೆ. ನನಗೆ ಫೋನು ಬಂತು. ನಾನು ಕೆಲಸ ಬಿಟ್ಟು ಮೊದಲೇ ಹೋಗಿ ಅಕ್ಕನ ಬಾಗಿಲಲ್ಲಿ ಕೂತೆ. ಈ ಸಲ ನನ್ನನ್ನು ಯಾರು ಎಬ್ಬಿಸುತ್ತಾರೆ ನೋಡೋಣ ಎಂದು.

ಬಂದ. ಅಂಗಿಯ ಇಸ್ತ್ರಿ ಮುರಿದಿತ್ತು. ನಾನು ಕೂತಲ್ಲಿಂದ ಸರಿಯಲಿಲ್ಲ, ಒಳಗೆ ಬಾ ಎನ್ನಲಿಲ್ಲ. ಬಿಸಿಲಲ್ಲೇ ನಿಂತ. ಅಕ್ಕ ಒಳಗಿನಿಂದ ಬಂದು ಹೊಸ್ತಿಲಲ್ಲಿ ನಿಂತಳು.

"ಅಮ್ಮಾ, ನಿಮ್ಮ ಮಗಳ ಜಡೆ," ಅಂದ. ಗಂಟಲಿನಲ್ಲಿ ರಾಗ ಏರುವುದು ಕಾಣುತ್ತಿತ್ತು. ಬಲಗೈ ಎದೆಯ ಹತ್ತಿರ ಹೊರಟಿತ್ತು. ಅದನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡ. "ಇದು ಬಂದಾಗ ನಾನು ಏನು ಮಾಡ್ಲಿ, ಹೇಳಿ. ನಿಮಗೆ ಗೊತ್ತಿದೆ."

ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಮಾತಾಡಿದಳು, ಅಷ್ಟು ತಿಂಗಳಲ್ಲಿ ಅವಳು ಆಡಿದ ಎಲ್ಲಕ್ಕಿಂತ ಉದ್ದದ ಮಾತು ಅದೇ ಇರಬೇಕು.

"ಬಾಯಿ ಮುಚ್ಚಿಕೋರಿ ಡಾಕ್ಟ್ರ. ಮೂಗಿಲೆ ಉಸುರ ತಗೋರಿ. ಹಂಗೇ ಹಿಡೀರಿ. ಮನಸ್ನ್ಯಾಗ ಹತ್ತು ಎಣಸ್ರಿ. ಹೆಸರು ಹಿಡಿದು ಮಾತಾಡ್ಸಬ್ಯಾಡ್ರಿ. ದಿನಾ ಮಾಡಿದ್ರ ರೂಢಿ ಆಗ್ತದ."

ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಹೇಳಿದಷ್ಟೇ ಮೆತ್ತಗೆ ಹೇಳಿದಳು. ಡಾಕ್ಟರ್ ಬಾಯಿ ಮುಚ್ಚಿದ. ನಮ್ಮ ಅಂಗಳದಲ್ಲಿ, ಬಿಸಿಲಲ್ಲಿ, ಕಣ್ಣಿಂದ ನೀರು ಇಳಿಯುತ್ತಿರುವಾಗ, ಹೆಬ್ಬೆರಳನ್ನು ಬೆರಳಿನ ಗೆಣ್ಣುಗಳ ಮೇಲೆ ಸರಿಸುತ್ತ ನಿಂತ. ನಾನು ಪೂರ್ತಿ ನೋಡಿದೆ. ಅಂಥ ಸುಖ ನನಗೆ ಯಾವ ನೆಲ ಕೂಡಿಸಿದಾಗಲೂ ಸಿಕ್ಕಿಲ್ಲ. ಇದನ್ನು ಕೇಳಿ ನನ್ನನ್ನು ಕಟುಕ ಎನ್ನುವವರು ಅನ್ನಲಿ.

ಅವನು ಕೆಲವೇ ದಿನಗಳಲ್ಲಿ ಊರು ಬಿಟ್ಟ. ಈಗ ತನ್ನ ಊರಲ್ಲಿದ್ದಾನೆ, ಪೇಷಂಟುಗಳನ್ನು ನೋಡುವುದಿಲ್ಲ ಎಂದು ಶಿವು ಹೇಳುತ್ತಾನೆ. ದಿನವಿಡೀ ಮಂದಿಯ ದುಃಖ ಕೇಳಿ ಕೇಳಿ ತಲೆಗೆ ಹತ್ತಿರಬೇಕು ಮಾಮಾ, ಹಂಗ ಆಗ್ತದಂತ, ಎನ್ನುತ್ತಾನೆ. ಆಗುತ್ತಿರಬಹುದು. ಕೇಳಿದ್ದು ತಲೆಗೆ ಹತ್ತಲಿ, ಕೇಳದೇ ಇದ್ದದ್ದು ಹೇಗೆ ಹತ್ತಿತು? ಎರಡು ಹೆಣ್ಣುಜೀವ ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲದ ಜಡೆಯ ಮಾತು ಅವನ ಬಾಯಿಗೆ ಹೇಗೆ ಬಂತು?

ಬೇರೆ ಡಾಕ್ಟರಿಗೆ ತೋರಿಸಿ ಅಕ್ಕನ ಗುಳಿಗೆ ಮೆಲ್ಲಗೆ ಬಿಡಿಸಿದ್ದಾಯಿತು. ಹೊಲಕ್ಕೆ ಹೋಗುತ್ತಾಳೆ, ಬಾಳೆಗೊನೆ ಕೊಯ್ಯಿಸುತ್ತಾಳೆ, ನಗುತ್ತಾಳೆ ಕೂಡ. ಅಳು ಮಾತ್ರ ತಿರುಗಿ ಬರಲಿಲ್ಲ. ಸೋದರತ್ತೆ ಸಿಟ್ಟು ಬಿಟ್ಟು ಮತ್ತೊಮ್ಮೆ ಬಂದು ಕೊರಳಿಗೆ ಬಿದ್ದಳು. ಅಕ್ಕ ಈಗ ಎಣಿಸಲಿಲ್ಲ, ಬಾಯಿ ಬಿಗಿಯಲಿಲ್ಲ. ಸುಮ್ಮನೆ ಅತ್ತೆಯ ಬೆನ್ನು ಸವರಿದಳು. ತಡೆಯಲಿಕ್ಕೆ ಒಳಗೆ ಏನೂ ಇದ್ದಂತಿರಲಿಲ್ಲ.

ಹೋದ ತಿಂಗಳು ನಾನು ಹೋದಾಗ ರೊಟ್ಟಿ ಬಡಿಯುತ್ತ ಕೇಳಿದಳು. "ತಮ್ಮಾ, ಅಂವ ಹಾಡಿದ್ದು ಹೆಂಗಿತ್ತೋ? ಒಂದ ಸಲ ಹೇಳು."

ನನಗೆ ರಾಗ ಬರುವುದಿಲ್ಲ. ಮಾತು ನೆನಪಿದ್ದವು, ಬರೀ ಮಾತನ್ನೇ ಹೇಳಿದೆ. ಬಸ್ಸು, ದಾರಿ, ಸಡಿಲಿದ ಜಡೆ, ಹಂಚಿನ ಮೇಲಿನ ರೊಟ್ಟಿ. ಅಕ್ಕ ತಲೆ ಒಂದು ಕಡೆ ವಾಲಿಸಿ ಕೇಳಿದಳು, ಬೇರೆ ಊರಿನ ಸಾವಿಗೆ ಹೋದಾಗ ಬೇರೆ ಹೆಂಗಸಿನ ಹಾಡು ಕೇಳುತ್ತಿದ್ದಳಲ್ಲ, ಹಾಗೆ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಆ ತಾಯಿ ಭಾಳ ಛಂದ ಅತ್ತಾಳ," ಅಂದಳು.

ಆ ಮನೆ ಈಗ ಖಾಲಿ ಬಿದ್ದಿದೆ, ಗೇಟಿಗೆ ಬಾಡಿಗೆಯ ಫಲಕ ಕಟ್ಟಿದ್ದಾರೆ. ತಾಜಸುಲ್ತಾನಪುರಕ್ಕೆ ಹೋಗುವಾಗ ನಾನು ಅಲ್ಲಿ ಗಾಡಿ ನಿಲ್ಲಿಸುತ್ತೇನೆ. ಕಲ್ಲು ಮೀಟುವ ಕಬ್ಬಿಣದ ಹಾರಿಯನ್ನು ಗಾಡಿಗೆ ಕಟ್ಟಿಕೊಂಡೇ ಇರುತ್ತೇನೆ. ಕಾವಲಿನವನು ಪರಿಚಯದವನು, ಬೇಡ ಅನ್ನುವುದಿಲ್ಲ. ಕಲ್ಲು ಎಬ್ಬಿಸಿ ಆ ಪಟ್ಟಿ ತೆಗೆದರೆ ಅಕ್ಕನ ಅಳು ಅಕ್ಕನಿಗೆ ತಿರುಗಿ ಬರಬಹುದು. ಬರದೇ ಇರಲೂಬಹುದು. ಆದರೆ ಬಂದರೆ ಆ ಡಾಕ್ಟರ ಬಾಯಿಗೂ ಬಿಡುಗಡೆ ಆಗುತ್ತದೆ. ಅಷ್ಟು ಹೊಳೆದ ಕೂಡಲೇ ಅವನ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತದ್ದು ನೆನಪಾಗುತ್ತದೆ. ಇವತ್ತಿನವರೆಗೂ ಗೇಟು ದಾಟಿ ಒಳಗೆ ಹೋಗಿಲ್ಲ, ಗಾಡಿ ಚಾಲೂ ಮಾಡಿ ಮುಂದೆ ಹೋಗಿದ್ದೇನೆ.